ಓಡಿದರಷ್ಟೇ ಸಾಲದು, ನಿಲ್ಲಲೂ ಬೇಕು

ಪುಣೆಯ ಯಾವುದಾದರೂ ದೊಡ್ಡ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ಗೆ ಇಳಿದು ನೋಡಿ. ಹೊಸ ಗಾಡಿಗಳ ಸಾಲಿನ ಕೊನೆಯಲ್ಲಿ, ದೂಳು ಹಿಡಿದ ಹೊದಿಕೆಯ ಕೆಳಗೆ ಹಳೆಯ ಕಾರೊಂದು ಇದ್ದೇ ಇರುತ್ತದೆ. ಅಪ್ಪನದೋ, ಮಾವನದೋ, ಮೊದಲ ಸಂಬಳ ಉಳಿಸಿ ಕೊಂಡ ಸೆಕೆಂಡ್ ಹ್ಯಾಂಡೋ. ಮಾರಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಊರಿನಿಂದ ದೂರವಿರುವ ನಮ್ಮಂಥವರಿಗೆ ಈ ಸಮಸ್ಯೆ ಸ್ವಲ್ಪ ಹೆಚ್ಚೇ. ಊರಿನ ಮೆಕ್ಯಾನಿಕ್ ಇಲ್ಲಿಲ್ಲ. ಇಲ್ಲಿನವರಿಗೆ ಆ ಗಾಡಿಯ ಪೂರ್ವಾಪರ ಗೊತ್ತಿಲ್ಲ. ಕೊನೆಗೆ ಪಾನಾ ಹಿಡಿಯಬೇಕಾದವರು ನಾವೇ.

ನಮ್ಮ ಮನೆಯದು 1998ರ ಮಾರುತಿ 800. ಅಪ್ಪ ಧಾರವಾಡದಲ್ಲಿ ಕೊಂಡದ್ದು. ಕಣ್ಣು ಮಂಜಾದ ಮೇಲೆ ಅವರು ಸ್ಟೀರಿಂಗ್ ಬಿಟ್ಟರು, ಕಾರು ಪುಣೆಗೆ ಬಂತು. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್, ಕಾರ್ಬೊರೇಟರ್, ಹನ್ನೆರಡು ಇಂಚಿನ ಪುಟ್ಟ ಚಕ್ರಗಳು. ಕಂಪ್ಯೂಟರ್ ಎಂಬುದೇ ಇಲ್ಲ. ಮಾರುತಿ ಕಂಪನಿ 1983ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದರೂ ಬಿಡಿಭಾಗ ಇಂದಿಗೂ ಸಿಗುತ್ತದೆ. ಬಾನೆಟ್ ಎತ್ತಿದರೆ ಯಾವುದು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ. ಕೈಯಾರೆ ರಿಪೇರಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಕಷ್ಟ.

ಒಂದು ಬೇಸಿಗೆಯಲ್ಲಿ ಊರಿಗೆ ಹೊರಟಾಗ ಖಂಬಾಟ್ಕಿ ಘಾಟಿನ ಏರಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ತಣ್ಣಗಾಗುವವರೆಗೆ ಕಾದು, ನೀರು ತುಂಬಿಸಿ ಹೇಗೋ ಪುಣೆಗೆ ಮರಳಿದೆವು. ಗ್ಯಾರೇಜೊಂದರಲ್ಲಿ ತೋರಿಸಿದರೆ, ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು. ಈ ಗಾಡಿಗೆ ಅಷ್ಟು ಖರ್ಚು ಯಾಕೆ? ಸ್ಕ್ರ್ಯಾಪಿಗೆ ಕೊಡಿ’ ಎಂದರು.

ಆ ಭಾನುವಾರ ನಾನೇ ನೋಡಲು ಕುಳಿತೆ. ಕೂಲಂಟ್‌ನಲ್ಲಿ ಎಣ್ಣೆ ಇರಲಿಲ್ಲ, ಎಂಜಿನ್ ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿರಲಿಲ್ಲ, ಸೈಲೆನ್ಸರಿನಿಂದ ಬಿಳಿ ಹೊಗೆ ಇಲ್ಲ. ಅಂದಮೇಲೆ ಗ್ಯಾಸ್ಕೆಟ್ಟಿನ ಮೇಲೆ ಮೊದಲೇ ಅನುಮಾನ ಪಡುವುದು ಯಾಕೆ? ಎಂಜಿನ್ ಬಿಸಿಯಾಗಲು ಬಿಟ್ಟೆ. ಮುಳ್ಳು ಮೇಲೇರಿದರೂ ರೇಡಿಯೇಟರ್ ಫ್ಯಾನ್ ತಿರುಗಲಿಲ್ಲ. ಫ್ಯಾನನ್ನು ಚಾಲೂ ಮಾಡುವ ಥರ್ಮೋ ಸ್ವಿಚ್ಚಿನ ಎರಡು ವೈರುಗಳನ್ನು ಕಳಚಿ, ತುಂಡು ತಂತಿಯಿಂದ ಒಂದಕ್ಕೊಂದು ಜೋಡಿಸಿದೆ. ಫ್ಯಾನ್ ಗಿರ್ರನೆ ತಿರುಗಿತು. ಫ್ಯಾನ್ ಸರಿಯಿದೆ, ಫ್ಯೂಸ್ ಸರಿಯಿದೆ, ಕೆಟ್ಟಿದ್ದು ಸ್ವಿಚ್ಚು. ಕೆಲವು ನೂರು ರೂಪಾಯಿಯ ಸಾಮಾನು. ಎಂಜಿನ್ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು.

ಹಳೆಯ ಕಾರಿನ ರಿಪೇರಿಯ ಮೊದಲ ಸೂತ್ರ ಇಷ್ಟೇ: ಅಗ್ಗದ ಭಾಗದಿಂದ ಶುರು ಮಾಡಿ ದುಬಾರಿ ಭಾಗದ ಕಡೆಗೆ ಹೋಗಬೇಕು, ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಬೇಕು.

ಮುಪ್ಪು ಬರುವುದು ರಬ್ಬರಿಗೆ

ಹಳೆಯ ಕಾರು ಎಂದರೆ ಎಲ್ಲರೂ ಎಂಜಿನ್ ಬಗ್ಗೆಯೇ ಕೇಳುತ್ತಾರೆ. ಸಮಯಕ್ಕೆ ಆಯಿಲ್ ಬದಲಿಸಿದ ಎಂಜಿನ್ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಮೊದಲು ಮುಪ್ಪಾಗುವುದು ರಬ್ಬರ್. ಕೂಲಂಟ್ ಹರಿಯುವ ಹೋಸ್ ಪೈಪು, ಫ್ಯಾನ್ ಬೆಲ್ಟು, ಟೈಮಿಂಗ್ ಬೆಲ್ಟು, ಬ್ರೇಕ್ ಹೋಸು, ಪೆಟ್ರೋಲ್ ಪೈಪು, ಟೈರು. ಗಾಡಿ ಓಡದೆ ನಿಂತಿದ್ದರೂ ಇವು ಒಣಗಿ ಬಿರುಕು ಬಿಡುತ್ತವೆ. ‘ಬರೀ ನಲವತ್ತು ಸಾವಿರ ಕಿಲೋಮೀಟರ್ ಓಡಿದ್ದು’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಎಷ್ಟು ವರ್ಷ ಆಯಿತು ಎಂಬುದೇ ಲೆಕ್ಕ.

ಟೈರಿನ ವಯಸ್ಸು ಅದರ ಮೈಮೇಲೇ ಬರೆದಿರುತ್ತದೆ. ಪಕ್ಕದಲ್ಲಿರುವ ನಾಲ್ಕಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೋಟು ಸವೆದಿಲ್ಲ ಎಂದು ಹತ್ತು ವರ್ಷದ ಟೈರಿನಲ್ಲಿ ಹೈವೇಗೆ ಇಳಿಯಬೇಡಿ.

ಪೆಟ್ರೋಲ್ ಪೈಪಿನ ವಿಷಯ ಈಗ ಇನ್ನೂ ಮುಖ್ಯ. ಬಂಕುಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ತೊಂಬತ್ತರ ದಶಕದ ಕಾರಿನ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್, ಕಾರ್ಬೊರೇಟರಿನ ಗ್ಯಾಸ್ಕೆಟ್ಟುಗಳನ್ನು ಮಾಡಿದ್ದು ಈ ಮಿಶ್ರಣವನ್ನು ಮನಸ್ಸಿನಲ್ಲಿಟ್ಟುಕೊಂಡಲ್ಲ. ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಎಥೆನಾಲ್ ತಡೆಯುವ ಪೈಪು ಕೇಳಿ ತನ್ನಿ. ಕ್ಲಿಪ್ಪುಗಳನ್ನೂ ಹೊಸದು ಹಾಕಿ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ.

ನಾನು ಮಾಡದ ಕೆಲಸ

ಆಯಿಲ್, ಫಿಲ್ಟರು, ಪ್ಲಗ್ಗು, ಡಿಸ್ಟ್ರಿಬ್ಯೂಟರಿನ ಪಾಯಿಂಟು, ಕಾರ್ಬೊರೇಟರ್ ಶುಚಿ, ಬಲ್ಬು, ಫ್ಯೂಸು, ಹೋಸು ಇವೆಲ್ಲ ನನ್ನ ಭಾನುವಾರದ ಕೆಲಸ. 10, 12, 14, 17ರ ಪಾನಾಗಳು, ಒಂದು ಪ್ಲಗ್ ಪಾನಾ, ಫೀಲರ್ ಗೇಜು, ಮಲ್ಟಿಮೀಟರು ಇದ್ದರೆ ಬಹುಪಾಲು ಕೆಲಸ ಆಗುತ್ತದೆ. ಬ್ರೇಕಿಗೆ ಮಾತ್ರ ನಾನು ಕೈ ಹಾಕುವುದಿಲ್ಲ.

ಅಪ್ಪನಿಗೆ ಫೋನಿನಲ್ಲಿ ಕಾರ್ಬೊರೇಟರ್ ಪ್ರತಾಪ ಹೇಳಿಕೊಂಡಾಗಲೆಲ್ಲ ಅವರದು ಒಂದೇ ಉತ್ತರ: ‘ಗಾಡಿ ಓಡಿದ್ರಷ್ಟ ಸಾಲಂಗಿಲ್ಲೋ ತಮ್ಮಾ, ನಿಂದರಬೇಕು.’

ಮಾತು ನಿಜ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಹೆಚ್ಚಾದಷ್ಟೂ ಅದು ಬೇಗ ಕುದಿಯುತ್ತದೆ; ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುವುದು ಇದರಿಂದಲೇ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಬೇಕು. ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿದ್ದರೆ ಬರೀ ತುಂಬಿಸಿ ಸುಮ್ಮನಾಗಬೇಡಿ. ಹಿಂದಿನ ಚಕ್ರದ ಡ್ರಮ್ಮಿನೊಳಗೆ ವೀಲ್ ಸಿಲಿಂಡರ್ ಸೋರುತ್ತಿರಬಹುದು. ಈ ಕೆಲಸಕ್ಕೆ ನಾನು ಅನುಭವಿ ಮೆಕ್ಯಾನಿಕ್ ಹತ್ತಿರ ಹೋಗುತ್ತೇನೆ, ಪಕ್ಕದಲ್ಲಿ ನಿಂತು ನೋಡುತ್ತೇನೆ. ಹೇಗೆ ಮಾಡುತ್ತಾರೆ ಎಂದು ಗೊತ್ತಿದ್ದರೆ, ಮಾಡಿದ್ದಾರೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ನಾಲ್ಕು ಮಾತು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಎಂದೂ ತೂರಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ವೈರಿಂಗ್ ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಹಳೆಯ ಆಯಿಲ್, ಕೂಲಂಟ್ ಚರಂಡಿಗೆ ಸುರಿಯಬೇಡಿ; ಕೂಲಂಟ್ ರುಚಿಗೆ ಸಿಹಿ, ನೆಕ್ಕಿದ ಬೀದಿನಾಯಿಗೆ ಅದು ವಿಷ.

ಸಾಮಾನು ಎಲ್ಲಿ ಸಿಗುತ್ತದೆ?

ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದಂತೆ ಪ್ರತಿ ನಗರಕ್ಕೂ ಒಂದು ಪೇಟೆ ಇದೆ. ಪುಣೆಯಲ್ಲಿ ನಾನಾ ಪೇಟ್, ಮುಂಬೈಯಲ್ಲಿ ಕುರ್ಲಾ, ಚೆನ್ನೈಯಲ್ಲಿ ಪುದುಪೇಟ್ಟೈ, ದೆಹಲಿಯಲ್ಲಿ ಕಾಶ್ಮೀರಿ ಗೇಟ್. ಹಳೆಯ ಭಾಗವನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹೋಗಿ. ಭಾಷೆ ಬರದಿದ್ದರೂ ಕೌಂಟರಿನ ಮೇಲೆ ಇಟ್ಟರೆ ಸಾಕು, ಅಂಗಡಿಯವರು ಜೊತೆಗಿಟ್ಟು ಹೊಂದಿಸಿ ಕೊಡುತ್ತಾರೆ. ಬಾಗಿಲ ಹಿಡಿ, ಗಾಜು ಇಳಿಸುವ ಹಿಡಿಕೆ, ಹಿಂದಿನ ಲೈಟಿನ ಗಾಜು ಮುಂತಾದವನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಬ್ರೇಕು, ಬೆಲ್ಟು, ಹೋಸು ಮಾತ್ರ ಹೊಸದೇ ಬೇಕು, ಬಿಲ್ ಸಮೇತ.

ಬದಲಾವಣೆಗೆ ಎಷ್ಟು ಜಾಗ?

ರಿಪೇರಿಯ ರುಚಿ ಹತ್ತಿದವರಿಗೆ ಮುಂದಿನ ಆಸೆ ಮಾಡಿಫಿಕೇಶನ್. ಅಗಲ ಟೈರು, ಗುಡುಗುವ ಸೈಲೆನ್ಸರ್, ದೊಡ್ಡ ಎಂಜಿನ್. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಮಾಲೀಕ ತಪ್ಪಿದರೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ ₹5,000 ದಂಡ, ಅಥವಾ ಎರಡೂ. ಸಿಎನ್‌ಜಿ ಕಿಟ್ ಹಾಕಿಸಲು, ಅದೇ ಮಾದರಿಯ ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿಯ ದಾರಿ ಇದೆ. ಬಣ್ಣವೂ ಆರ್‌ಸಿಯಲ್ಲಿ ಇರುವುದರಿಂದ ಬದಲಿಸುವ ಮೊದಲು ಅಲ್ಲಿ ಕೇಳಲೇಬೇಕು.

ನನ್ನ ಕಾರಿನಲ್ಲಿ ಮಾಡಿದ ಬದಲಾವಣೆ ಒಂದೇ. ಹೆಡ್‌ಲೈಟಿಗೆ ರಿಲೇ. ಹಳೆಯ ವೈರಿಂಗಿನಲ್ಲಿ ಕರೆಂಟು ಬ್ಯಾಟರಿಯಿಂದ ಸ್ವಿಚ್ಚಿಗೆ ಸುತ್ತಿ ಬಲ್ಬಿಗೆ ತಲುಪುವಷ್ಟರಲ್ಲಿ ಸೊರಗುತ್ತದೆ. ಬ್ಯಾಟರಿಯಿಂದ ದಪ್ಪ ವೈರಿನಲ್ಲಿ, ಫ್ಯೂಸ್ ಹಾಕಿ, ರಿಲೇ ಮೂಲಕ ನೇರವಾಗಿ ಕೊಟ್ಟರೆ ಅದೇ 60/55 ವ್ಯಾಟಿನ ಬಲ್ಬು ಚೆನ್ನಾಗಿ ಉರಿಯುತ್ತದೆ. ಎದುರಿನವರ ಕಣ್ಣು ಕುಕ್ಕುವ ಬಲ್ಬಿನ ಅಗತ್ಯವೇ ಇಲ್ಲ.

ಕಾಗದದ ರಿಪೇರಿ

ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನೋಂದಣಿ ಬೇಕು. ಊರಿನ ಆರ್‌ಟಿಒದಿಂದ ಎನ್‌ಒಸಿ ತಂದು, ಇಲ್ಲಿ ರಸ್ತೆ ತೆರಿಗೆ ಕಟ್ಟಬೇಕು. ನಮ್ಮ ಕಾರಿನ ಕೆಎ-25 ಹೋಗಿ ಎಂಎಚ್-12 ಬಂದದ್ದು ಹೀಗೆ. ಫೋಟೊ ನೋಡಿದ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಳೆಯ ಪ್ಲೇಟಿನ ಫೋಟೊ ಇವತ್ತಿಗೂ ಅವರ ಫೋನಿನಲ್ಲಿದೆ. ದೆಹಲಿಯ ಗೆಳೆಯರು ಇನ್ನೂ ಎಚ್ಚರವಾಗಿರಬೇಕು. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಎತ್ತಿಹಿಡಿದಿದೆ. ಊರಿನ ಹಳೆಯ ಗಾಡಿ ಒಯ್ಯುವ ಮೊದಲು ಸದ್ಯದ ನಿಯಮ ಏನಿದೆ ನೋಡಿಕೊಳ್ಳಿ.

ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಕಾರುಗಳಿಗೆ ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ ₹600ರಿಂದ ₹5,000 ಆಯಿತು; 20 ವರ್ಷ ದಾಟಿದವಕ್ಕೆ 2025ರಲ್ಲಿ ₹10,000 ಆಯಿತು. ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ತುಂಬಬೇಕು. ಮೊಟ್ಟಮೊದಲ ಮಾರುತಿ 800ಕ್ಕೂ ಆ ಭಾಗ್ಯ 2033ಕ್ಕೆ.

ನಮ್ಮ ಕಾರಿನ ಮುಂದಿನ ನವೀಕರಣ 2028ರಲ್ಲಿ. ಅದನ್ನು ತೀರ್ಮಾನಿಸುವುದು ಎಂಜಿನ್ ಅಲ್ಲ, ತುಕ್ಕು. ಪ್ರತಿ ಮಳೆಗಾಲ ಮುಗಿದ ಮೇಲೆ ಮ್ಯಾಟ್ ಎತ್ತಿ, ನೆಲದ ತಗಡನ್ನು ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿ ನೋಡುತ್ತೇನೆ. ಗಟ್ಟಿ ಸದ್ದು ಬಂದರೆ ಸರಿ. ಬ್ಯಾಟರಿ ಕೂರುವ ಜಾಗ, ಮುಂದಿನ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಸೇರುವ ಜಾಗಗಳನ್ನೂ ನೋಡುತ್ತೇನೆ. ಮೇಲ್ಮೈ ತುಕ್ಕನ್ನು ಉಜ್ಜಿ ಪ್ರೈಮರ್ ಹೊಡೆಯಬಹುದು. ಭಾರ ಹೊರುವ ತಗಡೇ ತೂತಾದರೆ ಪ್ಯಾಚ್ ಹಾಕಿಸಿ ಮನೆಯವರನ್ನು ಕೂರಿಸಿಕೊಂಡು ಘಾಟಿ ಇಳಿಯಲಾರೆ. ಆಗ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತೆಗೆದುಕೊಳ್ಳುವುದೇ ಸರಿ.

ಇದನ್ನು ಅಪ್ಪನಿಗೂ ಹೇಳಿದ್ದೇನೆ. ‘ತಗಡ ಗಟ್ಟಿ ಇರೂತನಕ ಇಟ್ಕೋ’ ಎಂದರು. ಈ ವರ್ಷ ತಟ್ಟಿ ನೋಡಿದೆ, ಗಟ್ಟಿಯಾಗಿದೆ.