ಡಿಕ್ಕಿಗೆ ಬಡಿಗಿ ಆನಿಸುವ ಮುನ್ನ

ಸೋಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ, ಉಮರ್ಗಾದ ಚಹಾ ಹೋಟೆಲಿನ ಮುಂದೆ ಹಳೇ ಓಮ್ನಿ ನಿಂತಿದ್ದರೆ ಹಿಂಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ. ಬಾಗಿಲು ಮೇಲೆ ನಿಲ್ಲಲೆಂದು ಬಡಿಗಿ ಆನಿಸಿದ್ದರೂ ಇರಬಹುದು. ಕೇಳಿದರೆ ‘ಶಾಕಪ್ಪಿನ ಗ್ಯಾಸ್ ಹೋಗ್ಯಾದ್ರಿ’ ಎಂದಾರು. ಮೆಕ್ಯಾನಿಕ್ ಮರಾಠಿ ಮಾತಾಡಲಿ, ಕನ್ನಡ ಮಾತಾಡಲಿ, ಗ್ಯಾಸ್ ಸ್ಟ್ರಟ್ ಅಂದರೆ ಶಾಕಪ್ಪೇ.

ಆ ಕಪ್ಪು ಕೊಳವೆಯೊಳಗೆ ಒತ್ತಿ ತುಂಬಿದ ನೈಟ್ರೋಜನ್, ಜೊತೆಗೆ ತುಸು ಎಣ್ಣೆ. ಫರ್ನಿಚರ್ ಅಂಗಡಿಯವರು ‘ಹೈಡ್ರಾಲಿಕ್ ಮಂಚ’ ಎಂದು ಮಾರುವುದರಲ್ಲೂ ಸಾಮಾನ್ಯವಾಗಿ ಇದೇ ಗ್ಯಾಸು, ಹೆಸರಷ್ಟೇ ಭಾರಿ. ಗ್ಯಾಸು ಸೀಲಿನ ಸಂದಿಯಿಂದ ವರ್ಷಗಟ್ಟಲೆ ನುಸುಳುತ್ತದೆ. ತುಸು ಎತ್ತಿದರೆ ತಾನೇ ಏರುತ್ತಿದ್ದ ಬಾಗಿಲಿಗೆ ಈಗ ಭುಜ ಕೊಡುತ್ತಿದ್ದೇವೆ ಎಂಬುದು ನಮಗೇ ತಿಳಿಯುವುದಿಲ್ಲ, ಕೈ ಒಗ್ಗಿಹೋಗಿರುತ್ತದೆ. ತಲೆಗೆ ಬಡಿದಾಗಲೇ ಎಚ್ಚರ.

ಪರೀಕ್ಷೆಗೆ ಚಳಿಗಾಲದ ಬೆಳಗೇ ಸರಿ. ಗ್ಯಾಸು ತಣಿದಷ್ಟೂ ಒತ್ತಡ ಇಳಿಯುತ್ತದೆ. ಬಿಸಿಲಲ್ಲಿ 50 ಡಿಗ್ರಿಗೆ ಕಾದ ಶಾಕಪ್ಪು 10 ಡಿಗ್ರಿಯ ಮುಂಜಾನೆ ಹೆಚ್ಚುಕಮ್ಮಿ ಎಂಟರಲ್ಲೊಂದು ಪಾಲು ಬಲ ಕಳೆದುಕೊಂಡಿರುತ್ತದೆ. ಮಧ್ಯಾಹ್ನ ಗ್ಯಾರೇಜಿನಲ್ಲಿ ಜಗ್ಗದೆ ನಿಂತ ಬಾಗಿಲು ಡಿಸೆಂಬರಿನಲ್ಲಿ ಮೆಲ್ಲಗೆ ಕುಸಿಯುವುದು ಇದರಿಂದಲೇ.

ಆಮೇಲೆ ಹೊಳೆಯುವ ರಾಡನ್ನು ನೋಡಿ. ಎಣ್ಣೆ ಜಿನುಗಿ, ಅದಕ್ಕೆ ಎರೆಮಣ್ಣಿನ ಧೂಳು ಮೆತ್ತಿ, ಸೀಲಿನ ಬಾಯಲ್ಲಿ ಕರೀ ಉಂಗುರ ಕಟ್ಟಿದ್ದರೆ ಸೀಲು ಸೋತಿದೆ. ಉಗುರು ಎಳೆದಾಗ ತುಕ್ಕಿನ ಚುಕ್ಕೆಯೋ ಗೀರೋ ತಡೆದರೆ, ಬಾಗಿಲು ಮುಚ್ಚಿದಾಗಲೆಲ್ಲ ಅದು ಸೀಲನ್ನು ಕೆರೆಯುತ್ತಿದೆ ಎಂದೇ ಲೆಕ್ಕ. ಗ್ಯಾಸು ಗಟ್ಟಿಯಿದ್ದು ಎಣ್ಣೆ ಮಾತ್ರ ಹೋದರೆ ಲಕ್ಷಣ ಬೇರೆ: ಬಾಗಿಲು ಕುಸಿಯುವುದಿಲ್ಲ, ಮೇಲೇರಿ ಕೊನೆಗೆ ಧಡ್ಡನೆ ಬಡಿಯುತ್ತದೆ. ಬಾಗಿಲು ಮುಚ್ಚಿದಾಗ ರಾಡು ಕೆಳಮುಖ ಇರುವಂತೆ ಜೋಡಿಸುವುದೂ ಎಣ್ಣೆಯ ಸಲುವಾಗಿಯೇ. ಅದು ಸೀಲಿನ ಮೇಲೆ ನಿಂತು ಒಣಗಗೊಡುವುದಿಲ್ಲ.

ಇನ್ನೂ ಅನುಮಾನವಿದ್ದರೆ ತೊಗರಿ ಚೀಲ ತೂಗುವ ಕಾಟಾ ಇದೆಯಲ್ಲ! ಕೊಳವೆಯ ಮೇಲೆ 350 ನ್ಯೂಟನ್ ಎಂದಿದ್ದರೆ, ಬಿಚ್ಚಿದ ಶಾಕಪ್ಪನ್ನು ಕಾಟಾದ ಮೇಲೆ ನೆಟ್ಟಗೆ ನಿಲ್ಲಿಸಿ ಒತ್ತಿ. ರಾಡು ಒಳಸರಿಯತೊಡಗುವ ಹೊತ್ತಿಗೆ ಸುಮಾರು 35 ಕಿಲೋ ತೋರಬೇಕು. 25ಕ್ಕೇ ಸರಿದರೆ ಅದರ ಕತೆ ಮುಗಿಯಿತು. ಬದಲಿಸುವುದಾದರೆ ಎರಡನ್ನೂ ಬದಲಿಸಿ. ಹಳೆಯದೊಂದು ಹೊಸದೊಂದು ಹಾಕಿದರೆ ಬಾಗಿಲು ಓರೆಯಾಗಿ ಎಳೆಯುತ್ತದೆ. ಹಾಂ, ಬಿಚ್ಚುವಾಗ ಆ ಬಡಿಗಿ ಬೇಕೇ ಬೇಕು.

ತೆಗೆದದ್ದನ್ನು ಗುಜರಿಗೆ ಹಾಕುವಾಗ ಕಟರ್ ಹಚ್ಚಬೇಡಿ, ಬೆಂಕಿ ತೋರಿಸಬೇಡಿ. ಡಿಕ್ಕಿ ಹೊರಲಾರದ ಶಾಕಪ್ಪಿನಲ್ಲೂ 25 ಕಿಲೋ ದೂಡುವಷ್ಟು ಗ್ಯಾಸು ಇನ್ನೂ ಅದುಮಿಕೊಂಡು ಕೂತಿರುತ್ತದೆ.