ತೂತೇ ಇಲ್ಲದ ಪಂಪು, ಅದಕ್ಕೆ ದುಡ್ಡು ಹಾಕೋರು ಯಾರು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟದ ತೆರೆದ ಬಾವಿಗೆ ಪಂಪು ಕೂರಿಸಿದ್ದವರನ್ನ ಕೇಳಿ ನೋಡಿ. ಶಾಫ್ಟ್ ಒಳಗೆ ಹೋಗೋ ತೂತಿಗೆ ಗ್ಲ್ಯಾಂಡ್ ದಾರ ಸುತ್ತಿ ಬಿಗಿದರೂ ನೀರು ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕಲೇಬೇಕು ಕೂಡ, ಪೂರ್ತಿ ಬಿಗಿದರೆ ದಾರ ಸುಟ್ಟು ಶಾಫ್ಟ್ ಸವೆಯುತ್ತೆ. ಬೋರ್‌ವೆಲ್ ಬಂದಮೇಲೆ ಮೋಟಾರೇ ನೀರಲ್ಲಿ ಮುಳುಗಿತು, ಆ ರಗಳೆ ಮರೆತೇ ಹೋಯ್ತು.

ಸೋರೋದು ನೀರಾದರೆ ಸರಿ. ಹೆಕ್ಸೇನ್ ಆದರೆ?

ಇಲ್ಲಿನ ಉಂಡೆ ಕೊಬ್ಬರಿ ಹೆಚ್ಚಾಗಿ ಉತ್ತರ ಭಾರತದವರು ತಿನ್ನೋಕೆ ಹೋಗುತ್ತೆ. ಆದರೆ ಎಣ್ಣೆಗೆ ಅರೆದ ಕೊಬ್ಬರಿಯ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನ ಸಾಲ್ವೆಂಟ್ ಘಟಕಗಳಲ್ಲಿ ಹೆಕ್ಸೇನ್ ಹಾಕಿ ತೆಗೀತಾರೆ. ಅದರ ಆವಿ ಗಾಳಿಗಿಂತ ಭಾರ, ನೆಲಕ್ಕೆ ಅಂಟಿಕೊಂಡೇ ಹರಡುತ್ತೆ. ಗಾಳಿಯಲ್ಲಿ ಶೇ. 1ಕ್ಕೆ ಚೂರು ಮೇಲಾದರೆ ಒಂದು ಕಿಡಿ ಸಾಕು. ದಿನಾ ಉಸಿರಾಡಿದವರ ಕೈಕಾಲಿನ ನರ ಸೋಲುತ್ತೆ. ಚೀನಾದ ಸುಝೌನಲ್ಲಿ 2009ರಲ್ಲಿ ಟಚ್‌ಸ್ಕ್ರೀನ್ ಒರೆಸುತ್ತಿದ್ದ ಕಾರ್ಮಿಕರಿಗೆ ಆಗಿದ್ದು ಇದೇ.

ಹಾಗಾದರೆ ತೂತೇ ಬೇಡ. ರಟ್ಟಿನ ಕೆಳಗೆ ಮ್ಯಾಗ್ನೆಟ್ ಆಡಿಸಿ ಮೇಲಿನ ಗುಂಡುಪಿನ್ ಓಡಿಸಿದ್ದೀರಲ್ಲ, ಅದೇ ಆಟ. ಹೊರಗೆ ಮೋಟಾರು ತಿರುಗಿಸೋ ಒಂದು ಮ್ಯಾಗ್ನೆಟ್ ಬಳೆ, ಒಳಗೆ ಇಂಪೆಲ್ಲರ್‌ಗೆ ಕೂಡಿಸಿದ ಇನ್ನೊಂದು. ನಡುವೆ ಮುಚ್ಚಿದ ಲೋಹದ ತೆಳು ಚಿಪ್ಪು. ಹೊರಗಿನದು ತಿರುಗಿದರೆ ಒಳಗಿನದೂ ತಿರುಗುತ್ತೆ. ಚಿಪ್ಪನ್ನ ಬೋಲ್ಟ್ ಮಾಡೋ ಕಡೆ ಗ್ಯಾಸ್ಕೆಟ್ ಇದ್ದೇ ಇರುತ್ತೆ, ಆದರೆ ತಿರುಗೋ ಶಾಫ್ಟಿಗೆ ಉಜ್ಜಿ ಸವೆಯೋ ಸೀಲು ಇಲ್ಲ. ಒಳಗೆ ಸಿಕ್ಕಿಕೊಂಡರೆ ಹಿಡಿತ ಜಾರುತ್ತೆ, ಮೋಟಾರು ಸುಮ್ಮನೆ ತಿರುಗುತ್ತೆ.

ಚಿಪ್ಪು ಮಾಮೂಲಿ ಕಬ್ಬಿಣದ್ದಾಗಬಾರದು, ಅದು ಕಾಂತಶಕ್ತಿಯನ್ನ ತಾನೇ ಎಳ್ಕೊಂಡುಬಿಡುತ್ತೆ. ಮ್ಯಾಗ್ನೆಟ್ ಹಿಡಿಯದ ಸ್ಟೀಲ್ ತಟ್ಟೆ ಇರುತ್ತಲ್ಲ, ಆ ಜಾತಿಯ ಸ್ಟೇನ್‌ಲೆಸ್ ಬೇಕು. ಅದರಲ್ಲೂ ಮ್ಯಾಗ್ನೆಟ್ ಸುತ್ತುವಾಗ ಎಡ್ಡಿ ಕರೆಂಟ್ ಹುಟ್ಟಿ ಚಿಪ್ಪು ಬಿಸಿಯಾಗುತ್ತೆ. ವೇಗ ಎರಡು ಪಟ್ಟಾದರೆ ಈ ನಷ್ಟ ಹೆಚ್ಚುಕಮ್ಮಿ ನಾಲ್ಕು ಪಟ್ಟು. ಆ ಬಿಸಿ ಆರಿಸೋದೂ ಒಳಗಿನ ಬೇರಿಂಗ್ ನುಣುಪಾಗಿಡೋದೂ ಹರಿಯೋ ದ್ರವವೇ. ಅದಕ್ಕೇ ಖಾಲಿ ಓಡಿಸಿದರೆ ಕೆಲವೇ ನಿಮಿಷದಲ್ಲಿ ಪಂಪು ಹಾಳು. ಮರಳು, ಕಬ್ಬಿಣದ ಪುಡಿ ಕಂಡರೂ ಆಗಲ್ಲ. ಅಂದರೆ ನಿಮ್ಮ ತೋಟದ ಬೋರ್‌ಗೆ ಇದು ಬೇಡವೇ ಬೇಡ.

ಹೆಕ್ಸೇನ್‌ಗೆ ಬೇಕು. ಆದರೆ ಸೀಲು ಪಂಪಿಗಿಂತ ದುಬಾರಿ. ಉಳಿಸಿದ ದುಡ್ಡು ಮಾಲೀಕನ ಲೆಕ್ಕಕ್ಕೆ, ಸೋರಿದ ಆವಿ ಶಿಫ್ಟಿನವನ ಮೂಗಿಗೆ. ಭೋಪಾಲದ ನಂತರ, 1987ರಲ್ಲಿ, ಅಪಾಯದ ಪ್ರಕ್ರಿಯೆಗಳ ಬಗ್ಗೆ ಕಾರ್ಮಿಕರಿಗೂ ಸುತ್ತಲಿನ ಜನರಿಗೂ ಮಾಹಿತಿ ಕೊಡಲೇಬೇಕು ಅಂತ ಕಾರ್ಖಾನೆ ಕಾಯ್ದೆಗೆ ಸೇರಿಸಿದ್ದರು. ಯಾವ ಪಂಪಿಗೆ ಯಾವ ಸೀಲು ಅಂತ ಕೇಳೋಕೆ ಇಂಜಿನಿಯರ್ರೇ ಆಗಬೇಕಿಲ್ಲ.

ಬೆಲೆ ಇಳಿಯೋದೂ ಸುಲಭ ಇಲ್ಲ. ಬಿಸಿ ತಡೆಯೋ ಮ್ಯಾಗ್ನೆಟ್‌ಗೆ ಸಮೇರಿಯಂ ಬೇಕು. ಅದರ ರಫ್ತಿಗೆ ಪರವಾನಗಿ ಕಡ್ಡಾಯ ಅಂತ ಚೀನಾ 2025ರ ಏಪ್ರಿಲ್‌ನಲ್ಲಿ ಹೇಳಿದೆ.