ರಕ್ತ ನಿಂತ ಮೇಲೆ ಆರಂಭವಾಗುವ ಹೊಣೆ

ನಿನ್ನೆಯವರೆಗೆ ಆಡಿ ನಲಿಯುತ್ತಿದ್ದ ಐದಾರು ವರ್ಷದ ಮಗು ಒಂದು ರಾತ್ರಿ ಇದ್ದಕ್ಕಿದ್ದಂತೆ ರಕ್ತವಾಂತಿ ಮಾಡಿಕೊಂಡರೆ ಮನೆಯೇ ತತ್ತರಿಸುತ್ತದೆ. ದೃಷ್ಟಿ ತಾಗಿತೆನ್ನುವವರು ಕೆಲವರು. ತಾಯಿಯ ಆರೈಕೆಯನ್ನೇ ದೂರುವವರು ಇನ್ನು ಕೆಲವರು. ನಮ್ಮ ದೇಶದ ಮಕ್ಕಳಲ್ಲಿ ಇಂತಹ ವಿಪರೀತ ರಕ್ತವಾಂತಿಗೆ ಪ್ರಮುಖ ಕಾರಣ ಪೋರ್ಟಲ್ ಅಭಿಧಮನಿಯ ಅಧಿಕ ಒತ್ತಡ.

ಕರುಳು ಮತ್ತು ಗುಲ್ಮಗಳ ರಕ್ತವನ್ನು ಯಕೃತ್ತಿಗೆ ಒಯ್ಯುವ ದಾರಿ ಈ ಅಭಿಧಮನಿ. ಅದು ಮುಚ್ಚಿಹೋದರೆ, ಕಟ್ಟ ಹಾಕಿದ ತೋಡಿನ ನೀರು ಬದಿಯ ಗದ್ದೆಗೆ ನುಗ್ಗುವಂತೆ, ರಕ್ತವು ಅನ್ನನಾಳದ ಸಣ್ಣ ನಾಳಗಳತ್ತ ಹರಿಯುತ್ತದೆ. ಅವು ಉಬ್ಬಿ, ತೆಳುವಾಗಿ, ಕೊನೆಗೆ ಒಡೆಯುತ್ತವೆ. ಗುಲ್ಮವೂ ಬೆಳೆದು ಹೊಟ್ಟೆಯ ಎಡಭಾಗದಲ್ಲಿ ಕೈಗೆ ಸಿಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ ಅಡ್ಡಿಯು ಯಕೃತ್ತಿನ ಹೊರಗಿರುವುದರಿಂದ ಯಕೃತ್ತು ಬಹುಮಟ್ಟಿಗೆ ಆರೋಗ್ಯವಾಗಿಯೇ ಇರುತ್ತದೆ. ಯಕೃತ್ತೇ ಗಡಸಾಗಿ ಒತ್ತಡ ಏರುವ ಮಕ್ಕಳ ಚಿಕಿತ್ಸೆಯ ದಾರಿ ಬೇರೆ. ಹುಟ್ಟಿ 2 ವಾರ ಕಳೆದರೂ ಕಾಮಾಲೆ ಇಳಿಯದ, ಮಲ ಬಿಳಿಚಿದ ಶಿಶುವನ್ನು ಕೂಡಲೇ ವೈದ್ಯರಿಗೆ ತೋರಿಸಬೇಕು.

‘ಯಾರ ತಪ್ಪಿನಿಂದ ಹೀಗಾಯಿತು?’ ಎಂಬುದು ಹೆತ್ತವರನ್ನು ಸುಡುವ ಪ್ರಶ್ನೆ. ಕೆಲವು ಮಕ್ಕಳಲ್ಲಿ ಶೈಶವದ ಹೊಕ್ಕುಳಿನ ಸೋಂಕು ಕಾರಣವಾಗಿರಬಹುದು. ಅನೇಕರಲ್ಲಿ ಕಾರಣವೇ ತಿಳಿಯುವುದಿಲ್ಲ. ಕಾರಣ ಬೇರೆ, ಅಪರಾಧ ಬೇರೆ. ಕಾರಣವನ್ನು ಅರಸುವುದು ವಿವೇಕ. ದುಃಖದಲ್ಲಿರುವ ತಾಯಿಯ ಮೇಲೆ ಅಪರಾಧವನ್ನು ಹೊರಿಸುವುದು ಅನ್ಯಾಯ.

ರಕ್ತವಾಂತಿಯಾದಾಗ ಅಥವಾ ಮಲ ಡಾಂಬರಿನಂತೆ ಕಪ್ಪಾದಾಗ ಬಾಯಿಗೆ ಏನನ್ನೂ ಕೊಡದೆ, ಮಗುವನ್ನು ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ ಧಾವಿಸಬೇಕು. ಅಲ್ಲಿ ರಕ್ತವನ್ನು ಅಳತೆಯರಿತು ಕೊಡುತ್ತಾರೆ. ಅತಿಯಾದರೆ ಒತ್ತಡ ಮತ್ತೆ ಏರುತ್ತದೆ. ಆಕ್ಟ್ರಿಯೋಟೈಡ್ ಔಷಧಿ ಒತ್ತಡವನ್ನು ತಗ್ಗಿಸುತ್ತದೆ. ಬಳಿಕ ಎಂಡೋಸ್ಕೋಪಿನ ಮೂಲಕ ಉಬ್ಬಿದ ನಾಳಗಳಿಗೆ ಪುಟ್ಟ ರಬ್ಬರ್ ಬಳೆ ತೊಡಿಸುತ್ತಾರೆ. ತೀರ ಎಳೆಯ ಮಕ್ಕಳಿಗೆ ಚುಚ್ಚುಮದ್ದಿನಿಂದ ನಾಳವನ್ನು ಮುಚ್ಚುತ್ತಾರೆ.

1990ರ ದಶಕದಲ್ಲಿ ಬೆಲ್ಜಿಯಂನ ಶಸ್ತ್ರವೈದ್ಯ ಝಾನ್ ಡಿ ವಿಲ್ ಡಿ ಗೋಯೆ ಮತ್ತು ಸಂಗಡಿಗರು ಇನ್ನೊಂದು ದಾರಿ ತೆರೆದರು. ಮಗುವಿನ ಕೊರಳಿನ ಅಭಿಧಮನಿಯ ತುಂಡನ್ನೇ ಸೇತುವೆಯಾಗಿಸಿ ಕರುಳಿನ ರಕ್ತವನ್ನು ಮತ್ತೆ ಯಕೃತ್ತಿಗೆ ಸೇರಿಸುವ ಈ ಶಸ್ತ್ರಚಿಕಿತ್ಸೆಗೆ ‘ಮೀಸೋ-ರೆಕ್ಸ್’ ಎಂದು ಹೆಸರು. ಯಕೃತ್ತಿನೊಳಗಿನ ಎಡ ಕವಲು ತೆರೆದಿದ್ದವರಿಗೆ ಮಾತ್ರ ಇದು ಸಾಧ್ಯ. ಉಳಿದವರಿಗೆ ರಕ್ತವನ್ನು ಬೇರೆಡೆಗೆ ತಿರುಗಿಸುವ ಶಸ್ತ್ರಚಿಕಿತ್ಸೆಗಳಿವೆ.

ಆದರೆ ರಕ್ತ ನಿಂತಿತೆಂದರೆ ರೋಗ ಹೋಯಿತೆಂದಲ್ಲ. ಬಳೆ ತೊಡಿಸುವ ಕ್ರಮ ಕೆಲವು ವಾರಗಳ ಅಂತರದಲ್ಲಿ, ನಾಳಗಳು ಬತ್ತುವವರೆಗೆ ಮರುಕಳಿಸಬೇಕು. ಅನಂತರವೂ ತಪಾಸಣೆ ತಪ್ಪಬಾರದು. ಮಗು ಚೆನ್ನಾಗಿದೆಯಲ್ಲ ಎಂದು ಬಸ್ಸಿನ ಖರ್ಚು ಉಳಿಸಿದ ಮನೆಗೇ ಎರಡನೆಯ ರಕ್ತವಾಂತಿ ಬಂದೀತು. ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ಕೊಡಕೂಡದು. ಜ್ವರಕ್ಕೆ ಏನು ಕೊಡಬೇಕೆಂದು ವೈದ್ಯರನ್ನೇ ಕೇಳಬೇಕು. ಗುಲ್ಮ ದೊಡ್ಡದಿರುವಾಗ ಹೊಟ್ಟೆಗೆ ಪೆಟ್ಟು ಬೀಳುವ ಕಬಡ್ಡಿಯಂಥ ಆಟ ಬೇಡ. ಎತ್ತರ, ತೂಕಗಳನ್ನು ಗಮನಿಸುತ್ತಿರಬೇಕು. ಲಸಿಕೆಗಳು ಸಕಾಲಕ್ಕೆ ಆಗಬೇಕು.

ಉಳಿದಂತೆ ಆ ಮಗು ಶಾಲೆಗೆ ಹೋಗಲಿ, ಗೆಳೆಯರೊಡನೆ ನಗಲಿ. ಶಿಕ್ಷಕರಿಗೆ ವಿಷಯ ತಿಳಿದಿರಲಿ. ಮುಂದಿನ ತಪಾಸಣೆಯ ದಿನ ಆ ಮನೆಯವರ ಕೈಯಲ್ಲಿ ಕಾಸಿಲ್ಲದಿದ್ದರೆ, ಅದನ್ನು ವಿಚಾರಿಸುವ ನೆರೆಯವರು ನಾವಾಗೋಣ.